ಹಸುಗೂಸು ರಾತ್ರಿ ಪದೇ ಪದೇ ಏಳುವುದೇಕೆ? ‘ಬೆಳಗಿನವರೆಗೂ ಮಲಗಿಸುವ’ ಸಲಹೆಗಳಲ್ಲಿ ಯಾವುದು ಸರಿ, ಯಾವುದು ಅಪಾಯ?

ಮನೆಗೆ ಕೂಸು ಬಂದ ಮೇಲೆ ಫೋನಿಗೆ ಸಲಹೆಗಳೂ ಬರತೊಡಗುತ್ತವೆ. ‘ಚೂರು ಜಾಯಿಕಾಯಿ ತೇಯ್ದು ನೆಕ್ಕಿಸಿ, ಬೆಳಗಿನವರೆಗೂ ಕಣ್ಣು ಬಿಡುವುದಿಲ್ಲ’. ‘ಬೋರಲು ಮಲಗಿಸಿ, ಗ್ಯಾಸ್ ಹೋಗಿ ಗಾಢ ನಿದ್ದೆ ಬರುತ್ತದೆ’. ‘ಮೂರು ತಿಂಗಳಿಗೇ ರಾಗಿ ಸರಿ ಶುರು ಮಾಡಿ, ಹೊಟ್ಟೆ ತುಂಬಿದರೆ ರಾತ್ರಿ ಏಳುವುದಿಲ್ಲ’. ಫ್ಯಾಮಿಲಿ ಗ್ರೂಪಿನಲ್ಲಿ, ಹಳೆಯ ಗೆಳತಿಯರ ಗ್ರೂಪಿನಲ್ಲಿ, ರೀಲ್ಸ್‌ನಲ್ಲಿ ಇಂಥವು ಸುತ್ತುತ್ತಲೇ ಇರುತ್ತವೆ. ಕಳಿಸುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಅದನ್ನು ಓದುವವರು ರಾತ್ರಿ ಎರಡೂವರೆ ಗಂಟೆಗೆ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿರುತ್ತಾರೆ. ಆ ಹೊತ್ತಿನಲ್ಲಿ ಯಾರಿಗಾದರೂ ‘ಇದನ್ನೂ ಒಮ್ಮೆ ಮಾಡಿ ನೋಡೋಣ’ ಅನ್ನಿಸುವುದು ಸಹಜ.

ಹುಟ್ಟಿದಂದಿನಿಂದ ಆರು ತಿಂಗಳವರೆಗಿನ ಮಗುವಿನ ರಾತ್ರಿ ನಿದ್ದೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ, ಈ ಸಲಹೆಗಳಲ್ಲಿ ಯಾವುದನ್ನು ಪಾಲಿಸಬಹುದು, ಯಾವುದನ್ನು ಅಲ್ಲಿಗೇ ಬಿಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಮುಖ್ಯ ಅಂಶಗಳು

• ಮೊದಲ ಕೆಲವು ತಿಂಗಳು ಮಗು ರಾತ್ರಿ ಏಳುವುದು ಕಾಯಿಲೆಯಲ್ಲ. ಅದು ಬೆಳವಣಿಗೆಯ ಭಾಗ.
• ಮಗು ಸುಮ್ಮನಾಗುವುದು ಬೇರೆ, ನಿದ್ದೆ ಮಾಡುವುದು ಬೇರೆ. ಮಂಪರು ಬರಿಸುವ ಯಾವ ವಸ್ತುವೂ ಹಸುಗೂಸಿಗೆ ಸುರಕ್ಷಿತವಲ್ಲ.
• ಹಗಲಾಗಲಿ ರಾತ್ರಿಯಾಗಲಿ, ಮಗುವನ್ನು ಅಂಗಾತವೇ ಮಲಗಿಸಬೇಕು.
• ಹಗಲಿನ ಬೆಳಕು, ರಾತ್ರಿಯ ಕತ್ತಲು, ದಿನವೂ ಒಂದೇ ಬಗೆಯ ಕ್ರಮ, ಮನೆಯವರ ನೆರವು: ನಿಜಕ್ಕೂ ಉಪಯೋಗಕ್ಕೆ ಬರುವುದು ಇವು.

ರಾತ್ರಿ ಏಳುವುದು ಏಕೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಮೂರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. 4ರಿಂದ 11 ತಿಂಗಳ ಮಗುವಿಗೆ 12ರಿಂದ 16 ಗಂಟೆ. ಕೇಳಲು ಇದು ಬಹಳ ಅನ್ನಿಸುತ್ತದೆ. ಆದರೆ ಈ ನಿದ್ದೆ ಒಟ್ಟಿಗೆ ಬರುವುದಿಲ್ಲ, ಇಪ್ಪತ್ತನಾಲ್ಕು ಗಂಟೆಯ ಉದ್ದಕ್ಕೂ ತುಂಡು ತುಂಡಾಗಿ ಹಂಚಿಹೋಗಿರುತ್ತದೆ.

ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಹೊಟ್ಟೆ. ಹಸುಗೂಸಿನ ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುತ್ತದೆ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುವುದು ಸಾಮಾನ್ಯ. ಅದರಲ್ಲಿ ಕೆಲವು ಬಾರಿ ರಾತ್ರಿಯೇ ಬರಬೇಕಲ್ಲ!

ಎರಡನೆಯದು ದೇಹದ ಗಡಿಯಾರ. ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುವ ಒಳಗಿನ ಗಡಿಯಾರ ಹುಟ್ಟುವಾಗ ತಯಾರಾಗಿರುವುದಿಲ್ಲ. ಕತ್ತಲಾದಾಗ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಮಗುವಿನ ದೇಹದಲ್ಲಿ ಒಂದು ಲಯಕ್ಕೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ‘ನಮ್ಮ ಮಗುವಿಗೆ ಹಗಲು ರಾತ್ರಿ ಅದಲುಬದಲಾಗಿದೆ’ ಎಂದು ಹಿರಿಯರು ಹೇಳುವುದು ಇದನ್ನೇ.

ಮೂರನೆಯದು ನಿದ್ದೆಯ ಬಗೆ. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆಯದ್ದು. ಮಗುವಿನದ್ದು ಐವತ್ತರಿಂದ ಅರವತ್ತು ನಿಮಿಷ. ಅದರಲ್ಲಿ ಅರ್ಧದಷ್ಟು ಹಗುರವಾದ ಚಲನೆಯ ನಿದ್ದೆ. ಆಗ ಮಗು ಮುಖ ಕಿವುಚುತ್ತದೆ, ಮುಲುಗುತ್ತದೆ, ಕೈಕಾಲು ಆಡಿಸುತ್ತದೆ, ಒಮ್ಮೊಮ್ಮೆ ಸಣ್ಣಗೆ ಅತ್ತೂಬಿಡುತ್ತದೆ. ಎದ್ದೇಬಿಟ್ಟಿತು ಎಂದು ನಾವು ಎತ್ತಿಕೊಳ್ಳುತ್ತೇವೆ. ಎಷ್ಟೋ ಸಲ ಅದು ಎದ್ದಿರುವುದೇ ಇಲ್ಲ. ಅರ್ಧ ನಿಮಿಷ, ಒಂದು ನಿಮಿಷ ಸುಮ್ಮನೆ ನೋಡಿದರೆ ಮತ್ತೆ ನಿದ್ದೆಗೆ ಜಾರುತ್ತದೆ. ರಾತ್ರಿಯ ಕೆಲವು ಎಚ್ಚರಗಳನ್ನು ಕಡಿಮೆ ಮಾಡಲು ಇದಕ್ಕಿಂತ ಸುಲಭದ ಉಪಾಯ ಇಲ್ಲ.

ಹೀಗೆ ಸುಲಭವಾಗಿ ಎಚ್ಚರವಾಗುವುದರಲ್ಲಿ ಮಗುವಿಗೆ ಒಂದು ರಕ್ಷಣೆಯೂ ಇದೆ. ಮೂಗಿನ ಮೇಲೆ ಬಟ್ಟೆ ಬಿದ್ದಾಗ, ಉಸಿರು ಕಟ್ಟಿದಂತಾದಾಗ ಎಚ್ಚರಗೊಂಡು ಮುಖ ತಿರುಗಿಸುವ ಸಾಮರ್ಥ್ಯ ಅದರ ಜೀವ ಕಾಯುತ್ತದೆ. ಈ ಸಾಮರ್ಥ್ಯವನ್ನು ಕುಗ್ಗಿಸುವ ‘ಗಾಢ ನಿದ್ದೆ’ ನಮಗೆ ಬೇಕಿಲ್ಲ. ಮುಂದೆ ಬರುವ ಎಲ್ಲ ವಿಷಯಗಳಿಗೂ ಈ ಒಂದು ಮಾತು ಆಧಾರ.

ಹೇಳಿಕೆ: ಆರು ತಿಂಗಳಿಗೆ ಮಗು ರಾತ್ರಿಯಿಡೀ ಮಲಗಲೇಬೇಕು

ವಾಸ್ತವ: ಹಾಗೇನಿಲ್ಲ. ಕೆನಡಾದ ಸಂಶೋಧಕರು 2018ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳಾದ 388 ಮಕ್ಕಳ ತಾಯಂದಿರಿಂದ ಮಾಹಿತಿ ಪಡೆದರು. ಅವರಲ್ಲಿ ಶೇ 38ರಷ್ಟು ಮಕ್ಕಳು ಸತತವಾಗಿ ಆರು ಗಂಟೆ ಕೂಡ ಮಲಗುತ್ತಿರಲಿಲ್ಲ. ಎಂಟು ಗಂಟೆ ಮಲಗದವರು ಶೇ 57. ಒಂದು ವರ್ಷ ತುಂಬಿದಾಗಲೂ ಶೇ 28ರಷ್ಟು ಮಕ್ಕಳು ಸತತ ಆರು ಗಂಟೆ ಮಲಗುತ್ತಿರಲಿಲ್ಲ. ಹೀಗೆ ಏಳುತ್ತಿದ್ದ ಮಕ್ಕಳ ಮಾನಸಿಕ ಬೆಳವಣಿಗೆಯಲ್ಲಾಗಲಿ, ಚಲನೆಯ ಬೆಳವಣಿಗೆಯಲ್ಲಾಗಲಿ ಹಿಂದುಳಿದಿರುವುದು ಕಂಡುಬರಲಿಲ್ಲ.

ಅಂದರೆ, ಪಕ್ಕದ ಮನೆಯ ಮಗು ಮೂರನೇ ತಿಂಗಳಿಗೇ ರಾತ್ರಿಯಿಡೀ ಮಲಗಿದರೆ ಅದು ಆ ಮಗುವಿನ ರೀತಿ. ನಿಮ್ಮ ಮಗು ಏಳುತ್ತಿದ್ದರೆ ನಿಮ್ಮ ಹಾಲು ಸಾಲದೆಂದೋ, ನಿಮಗೆ ಮಗು ಸಾಕಲು ಬರುವುದಿಲ್ಲವೆಂದೋ ಅರ್ಥವಲ್ಲ. ‘ಹಾಲು ಸಾಲುತ್ತಿಲ್ಲ, ಅದಕ್ಕೇ ಏಳುತ್ತದೆ’ ಎಂಬ ಒಂದೇ ಮಾತಿಗೆ ಎಷ್ಟೋ ಬಾಣಂತಿಯರು ಅಗತ್ಯವಿಲ್ಲದೆ ಡಬ್ಬಿ ಹಾಲಿಗೆ ಹೋಗುತ್ತಾರೆ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ನೋಡಬೇಕಾದ್ದು ತೂಕ ಮತ್ತು ಮೂತ್ರ. ಮೊದಲ ವಾರದ ನಂತರ ಮಗು ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ.

ನಿದ್ದೆ ಬೇರೆ, ಮಂಪರು ಬೇರೆ

ಮಗುವನ್ನು ‘ಏನಾದರೂ ಕೊಟ್ಟು’ ಮಲಗಿಸುವ ಯೋಚನೆ ನಮ್ಮೊಬ್ಬರದ್ದಲ್ಲ. 1849ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಎಂಬ ಔಷಧಿ ಮಾರುಕಟ್ಟೆಗೆ ಬಂತು. ಹಲ್ಲು ಬರುವಾಗ ಅಳುವ ಮಗುವನ್ನು ಶಾಂತಗೊಳಿಸುತ್ತದೆ ಎಂದು ಅದರ ಜಾಹೀರಾತು ಹೇಳುತ್ತಿತ್ತು. ಚೆಂದದ ತಾಯಿ, ಚೆಂದದ ಮಗುವಿನ ಚಿತ್ರಗಳಿದ್ದ ಜಾಹೀರಾತು ಕಾರ್ಡುಗಳು ಮನೆಮನೆ ತಲುಪಿದ್ದವು. ಮಗು ನಿಜಕ್ಕೂ ಸುಮ್ಮನಾಗುತ್ತಿತ್ತು. ಏಕೆಂದರೆ ಆ ಸಿರಪ್‌ನಲ್ಲಿ ಮಾರ್ಫಿನ್ ಇತ್ತು, ಅಂದರೆ ಅಫೀಮಿನ ಸತ್ವ. ಉಸಿರಾಟ ನಿಧಾನವಾಗಿ ಎಷ್ಟೋ ಮಕ್ಕಳು ಮತ್ತೆ ಏಳಲೇ ಇಲ್ಲ. 1911ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಪುಸ್ತಕವೊಂದರಲ್ಲಿ ಇದನ್ನು ‘ಶಿಶು ಹಂತಕ’ ಔಷಧಿಗಳ ಸಾಲಿಗೆ ಸೇರಿಸಿತು. ಆಮೇಲೂ ಬಹಳ ವರ್ಷ ಅದು ಮಾರಾಟವಾಯಿತು.

‘ಕೊಟ್ಟ ತಕ್ಷಣ ಮಲಗಿತು, ಅಂದರೆ ಒಳ್ಳೆಯ ಔಷಧಿ’ ಎಂಬುದು ಆ ತಾಯಂದಿರ ಲೆಕ್ಕ. ಇಂದಿನ ಫಾರ್ವರ್ಡ್‌ಗಳ ಲೆಕ್ಕವೂ ಅದೇ. ಹಾಗಾಗಿ ಮಗುವನ್ನು ಮಲಗಿಸುವ ವಸ್ತು ಯಾವುದೇ ಇರಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದು ನಿದ್ದೆ ಬರಿಸುತ್ತದೆಯೋ, ಮಂಪರು ಬರಿಸುತ್ತದೆಯೋ?

ಜಾಯಿಕಾಯಿ, ಬಜೆ

ನಮ್ಮ ಮನೆಗಳಲ್ಲಿ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಕೂಸಿಗೆ ನೆಕ್ಕಿಸುವ ರೂಢಿ ಇದೆ. ಅಜ್ಜಿಯಂದಿರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಎಂಬ ರಾಸಾಯನಿಕವಿದೆ. ಹೆಚ್ಚಾದರೆ ದೊಡ್ಡವರಲ್ಲೂ ಮಂಪರು, ಎದೆಬಡಿತದ ಏರುಪೇರು, ಗೊಂದಲ ಉಂಟಾಗುತ್ತದೆ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕ್ಯಾನ್ಸರ್ ತಂದದ್ದು ಕಂಡ ಮೇಲೆ, 1968ರಲ್ಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು.

‘ಒಂದು ಸುತ್ತು ತೇಯ್ದರೆ ಏನಾಗುತ್ತದೆ?’ ಎಂದು ಕೇಳಬಹುದು. ಒಂದು ಸುತ್ತಿನಲ್ಲಿ ಎಷ್ಟು ಸತ್ವ ಇಳಿಯಿತು ಎಂದು ಅಳೆಯುವ ದಾರಿ ಯಾರ ಬಳಿಯೂ ಇಲ್ಲ. ಮೂರು ಕಿಲೋ ತೂಕದ ಮಗುವಿಗೆ ಎಷ್ಟಾದರೆ ಹೆಚ್ಚು ಎಂಬ ಸುರಕ್ಷಿತ ಮಿತಿಯೂ ನಿಗದಿಯಾಗಿಲ್ಲ. ತೇಯುವ ನೀರು, ಕಲ್ಲು, ಬೆರಳಿನ ಮೂಲಕ ಸೋಂಕು ಹೋಗುವ ಅಪಾಯ ಬೇರೆ.

ಜೇನುತುಪ್ಪ

ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ನಾಲಿಗೆಗೆ ಸವರುವುದೂ, ನಿಪ್ಪಲ್ಲಿಗೆ ಹಚ್ಚುವುದೂ ಬೇಡ. ಜೇನಿನಲ್ಲಿ ಕೆಲವೊಮ್ಮೆ ಇರುವ ಬ್ಯಾಕ್ಟೀರಿಯಾದ ಬೀಜಕಣಗಳು ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಇದಕ್ಕೆ ಶಿಶು ಬೊಟುಲಿಸಂ ಎನ್ನುತ್ತಾರೆ. ಇದು ಅಪರೂಪ, ಆದರೆ ಬಂದರೆ ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ಕುತ್ತು ಬರುತ್ತದೆ. ಕುದಿಸಿದ, ‘ಶುದ್ಧ’ ಜೇನಿಗೂ ಈ ಮಾತು ಅನ್ವಯಿಸುತ್ತದೆ.

ಗ್ರೈಪ್ ವಾಟರ್

1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಇದನ್ನು ತಯಾರಿಸಿದರು. ಆಗಿನ ಗ್ರೈಪ್ ವಾಟರಿನಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜತೆಗೆ ಮದ್ಯಸಾರವೂ ಇತ್ತು. ಮಗು ತೆಪ್ಪಗಾಗುತ್ತಿದ್ದುದರಲ್ಲಿ ಅದರ ಪಾಲೂ ಇದ್ದಿರಬೇಕು. ಈಗ ಸಿಗುವವುಗಳಲ್ಲಿ ಸಾಮಾನ್ಯವಾಗಿ ಮದ್ಯಸಾರ ಇರುವುದಿಲ್ಲ. ಆದರೂ ಇದರಿಂದ ಮಗುವಿನ ನಿದ್ದೆ ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿಗಳಂಥ ಔಷಧಿಗಳು ಇದಕ್ಕೆ ಹೊರತು.

ಶೀತ, ಕೆಮ್ಮಿನ ಸಿರಪ್

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದ್ದು ಇದಕ್ಕೆ. ಕೆಲವು ಶೀತದ ಸಿರಪ್‌ಗಳಲ್ಲಿ ಮಂಪರು ತರಿಸುವ ಅಂಶ ಇರುವುದರಿಂದ ‘ಕಾಲು ಚಮಚ ಹಾಕಿ, ಮಲಗುತ್ತದೆ’ ಎನ್ನುವವರಿದ್ದಾರೆ. ಇಂಥ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಹೇಳಿದ್ದಾರೆ. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲುಷಿತ ಕೆಮ್ಮಿನ ಸಿರಪ್‌ನಿಂದ ಮಕ್ಕಳು ತೀರಿಕೊಂಡ ಸುದ್ದಿ ದೇಶವನ್ನೇ ನಡುಗಿಸಿತ್ತು. ಆಗ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್ ಬರೆಯಬಾರದು ಎಂದು ವೈದ್ಯರಿಗೇ ಸೂಚಿಸಿತು. ಕಾಯಿಲೆಗೇ ಬೇಡವಾದದ್ದು ನಿದ್ದೆಗೆ ಹೇಗೆ ಬೇಕಾದೀತು?

ರಾಗಿ ಸರಿ, ಗಂಜಿ

‘ಹೊಟ್ಟೆ ಗಟ್ಟಿಯಾದರೆ ನಿದ್ದೆ ಗಟ್ಟಿ’ ಎಂಬ ಮಾತನ್ನು ಸಂಶೋಧಕರು ನಿಜವಾಗಿಯೂ ಪರೀಕ್ಷಿಸಿದ್ದಾರೆ. ಬ್ರಿಟನ್‌ನಲ್ಲಿ 1,303 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳಿನಿಂದಲೇ ಗಟ್ಟಿ ಆಹಾರ ಆರಂಭಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬೇಗ ಆಹಾರ ಆರಂಭಿಸಿದವರು ರಾತ್ರಿ ಹೆಚ್ಚು ಮಲಗಿದ್ದು ನಿಜ. ಎಷ್ಟು ಹೆಚ್ಚು? ಅತಿ ಹೆಚ್ಚು ವ್ಯತ್ಯಾಸ ಕಂಡ ಆರನೇ ತಿಂಗಳಲ್ಲಿ ಸುಮಾರು 17 ನಿಮಿಷ. ರಾತ್ರಿ ಏಳುವುದು ಸರಾಸರಿ ಎರಡು ಸಲದಿಂದ ಒಂದೂಮುಕ್ಕಾಲು ಸಲಕ್ಕೆ ಇಳಿಯಿತು. ಇಷ್ಟೇ. ಶುದ್ಧ ನೀರು, ಸ್ವಚ್ಛ ಪಾತ್ರೆ ಎಲ್ಲ ಮನೆಯಲ್ಲೂ ಒಂದೇ ಥರ ಇರದ ನಮ್ಮಲ್ಲಿ, ಹದಿನೇಳು ನಿಮಿಷಕ್ಕಾಗಿ ಮಗುವಿಗೆ ಭೇದಿಯ ಅಪಾಯ ತಂದುಕೊಳ್ಳುವುದು ಲಾಭದ ವ್ಯಾಪಾರವಲ್ಲ. ರಾಗಿ ಸರಿ ಒಳ್ಳೆಯ ಆಹಾರವೇ, ಆರು ತಿಂಗಳು ತುಂಬಿದ ಮೇಲೆ.

ಬೋರಲು ಮಲಗಿಸುವ ಸಲಹೆ: ಒಂದು ದುಬಾರಿ ಪಾಠ

ಬೋರಲು ಮಲಗಿಸಿದರೆ ಮಗು ಹೆಚ್ಚು ಹೊತ್ತು, ಹೆಚ್ಚು ಗಾಢವಾಗಿ ಮಲಗುತ್ತದೆ ಎಂಬುದು ಸುಳ್ಳಲ್ಲ. ಸಮಸ್ಯೆ ಇರುವುದೂ ಅಲ್ಲೇ.

ಈ ಸಲಹೆ ಒಂದು ಕಾಲದಲ್ಲಿ ಬಂದದ್ದು ದೊಡ್ಡ ವೈದ್ಯರಿಂದ. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ 1946ರಲ್ಲಿ ಬರೆದ ಮಕ್ಕಳ ಪಾಲನೆಯ ಪುಸ್ತಕ ಕೋಟ್ಯಂತರ ಪ್ರತಿ ಮಾರಾಟವಾದ ಕೃತಿ. 1950ರ ದಶಕದ ಕೊನೆಯ ಆವೃತ್ತಿಗಳಿಂದ ಅದರಲ್ಲಿ ಮಗುವನ್ನು ಬೋರಲು ಮಲಗಿಸುವುದು ಒಳ್ಳೆಯದು ಎಂಬ ಮಾತು ಸೇರಿತು. ಕಾರಣವೂ ತರ್ಕಬದ್ಧವಾಗಿಯೇ ಇತ್ತು: ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರುಗಟ್ಟಬಹುದಲ್ಲ! ಪುಸ್ತಕ ಹರಡಿತು, ಸಲಹೆಯೂ ಹರಡಿತು. ಯಾರೂ ಅದನ್ನು ಪರೀಕ್ಷಿಸಿರಲಿಲ್ಲ.

ನಂತರದ ಅಧ್ಯಯನಗಳು ಬೇರೆಯದನ್ನೇ ತೋರಿಸಿದವು. ಆರೋಗ್ಯವಾಗಿದ್ದ ಮಕ್ಕಳು ನಿದ್ದೆಯಲ್ಲೇ ಕಾರಣವಿಲ್ಲದೆ ತೀರಿಕೊಳ್ಳುವ ‘ಶಿಶುಗಳ ಹಠಾತ್ ಸಾವು’ ಬೋರಲು ಮಲಗುವ ಮಕ್ಕಳಲ್ಲಿ ಬಹಳ ಹೆಚ್ಚಾಗಿತ್ತು. ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಅಭಿಯಾನ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ಇದಕ್ಕೆ ಹೊಸ ಔಷಧಿ, ಹೊಸ ಯಂತ್ರ ಯಾವುದೂ ಬೇಕಾಗಲಿಲ್ಲ. ಮಲಗಿಸುವ ಭಂಗಿ ಬದಲಾಗಿತ್ತು, ಅಷ್ಟೇ.

2005ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿತು. ಬೋರಲು ಮಲಗಿಸುವುದು ಅಪಾಯ ಎನ್ನಲು ಬೇಕಾದಷ್ಟು ಮಾಹಿತಿ 1970ರ ವೇಳೆಗೇ ಲಭ್ಯವಿತ್ತು, ಅದನ್ನು ಆಗಲೇ ಗಮನಿಸಿದ್ದರೆ ಬ್ರಿಟನ್‌ನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಮಕ್ಕಳು ಉಳಿಯಬಹುದಿತ್ತು ಎಂದು ಅದು ಅಂದಾಜು ಮಾಡಿತು. ಒಳ್ಳೆಯ ಉದ್ದೇಶದ, ಕೇಳಲು ಸರಿ ಅನ್ನಿಸುವ, ಆದರೆ ಯಾರೂ ಪರೀಕ್ಷಿಸದ ಒಂದು ಸಲಹೆ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಹಾಗಾದರೆ ಅಂಗಾತ ಮಲಗಿದಾಗ ಹಾಲು ಕಕ್ಕಿದರೆ? ಅಂಗಾತ ಮಲಗಿದ ಮಗುವಿನ ಶ್ವಾಸನಾಳ ಮೇಲೆ ಇರುತ್ತದೆ, ಅನ್ನನಾಳ ಕೆಳಗೆ. ಕಕ್ಕಿದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಏರಬೇಕು. ಆರೋಗ್ಯವಂತ ಮಗು ಅದನ್ನು ನುಂಗುತ್ತದೆ, ಇಲ್ಲವೇ ಕೆಮ್ಮಿ ಹೊರಹಾಕುತ್ತದೆ. ಮಗ್ಗುಲಾಗಿ ಮಲಗಿಸುವುದೂ ಸುರಕ್ಷಿತವಲ್ಲ, ಮಗು ಅಲ್ಲಿಂದ ಸುಲಭವಾಗಿ ಬೋರಲಾಗುತ್ತದೆ. ಹಗಲು ಎಚ್ಚರವಿರುವಾಗ, ನೀವು ಎದುರಿಗೇ ಇದ್ದು ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸುವುದು ಒಳ್ಳೆಯದು. ಕತ್ತು ಗಟ್ಟಿಯಾಗುತ್ತದೆ, ತಲೆಯ ಹಿಂಭಾಗ ಚಪ್ಪಟೆಯಾಗುವುದೂ ಕಡಿಮೆಯಾಗುತ್ತದೆ.

ದಿಂಬು, ಜೋಳಿಗೆ, ತಾಯಿಯ ಮಗ್ಗುಲು

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯ ತಿರುಳು ಇದು: ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದರ ಮೇಲೆ ಬಿಗಿಯಾದ ಹೊದಿಕೆ, ಮಗುವಿನ ಸುತ್ತ ಬೇರೇನೂ ಇಲ್ಲ.

ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಬೀಳದಿರಲೆಂದು ಅಕ್ಕಪಕ್ಕ ಇಡುವ ದಿಂಬುಗಳು, ಮೆತ್ತನೆಯ ರಜಾಯಿ, ಗೊಂಬೆ ಇವೆಲ್ಲ ಮೂಗು ಮುಚ್ಚಬಲ್ಲವು. ಬೆಚ್ಚಗಿನ ದಿನಗಳಲ್ಲಿ ಸ್ವೆಟರ್, ಕುಲಾವಿ, ಮೇಲೊಂದು ಕಂಬಳಿ ಹೊದಿಸುವುದೂ ಬೇಡ. ಮೈ ಅತಿಯಾಗಿ ಬಿಸಿಯಾಗುವುದು ಅಪಾಯ. ಮಗುವಿನ ಎದೆಯನ್ನೋ ಬೆನ್ನನ್ನೋ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ತೂಕ ಕಡಿಮೆ ಇರುವ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಬೆಚ್ಚಗಿಡುವುದು ಮುಖ್ಯ. ಅವರ ವಿಷಯದಲ್ಲಿ ವೈದ್ಯರು ಹೇಳಿದಂತೆ ಮಾಡಿ.

ಸಮತಟ್ಟಾದ ತಳವಿರುವ ತೊಟ್ಟಿಲು ಒಳ್ಳೆಯದೇ. ಸೀರೆ ಕಟ್ಟಿದ ಜೋಳಿಗೆಯಲ್ಲಿ ಮಾತ್ರ ಮಗು ಬಾಗಿ, ಗದ್ದ ಎದೆಗೆ ಒತ್ತಿಕೊಂಡು ಉಸಿರಾಟದ ದಾರಿ ಕಿರಿದಾಗಬಹುದು. ಜೋಳಿಗೆಯಲ್ಲಿ ತೂಗಿದರೂ ಕಣ್ಣಳತೆಯಲ್ಲೇ ಇರಲಿ, ನಿದ್ದೆ ಹತ್ತಿದ ಮೇಲೆ ಸಮತಟ್ಟು ಜಾಗಕ್ಕೆ ಬದಲಿಸಿ. ಹಗ್ಗ, ದಾರ ಕತ್ತಿನ ಬಳಿ ಬರದಂತೆ ನೋಡಿಕೊಳ್ಳಿ. ಕತ್ತಿಗೆ ಕಟ್ಟಿದ ಬಜೆ ಸರ, ಕರಿದಾರಕ್ಕೂ ಇದೇ ಎಚ್ಚರಿಕೆ.

ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಮಗು ಮಲಗುವುದು ತಾಯಿಯ ಮಗ್ಗುಲಲ್ಲೇ. ಅಕಾಡೆಮಿಯ ಸಲಹೆ, ಕನಿಷ್ಠ ಆರು ತಿಂಗಳು ಒಂದೇ ಕೋಣೆಯಲ್ಲಿ, ಆದರೆ ಬೇರೆ ಹಾಸಿಗೆಯಲ್ಲಿ. ತಾಯಿಯ ಹಾಸಿಗೆಯ ಪಕ್ಕದಲ್ಲೇ ತೊಟ್ಟಿಲೋ ಪುಟ್ಟ ಗಟ್ಟಿ ಹಾಸಿಗೆಯೋ ಇದ್ದರೆ ಎರಡೂ ಸಾಧ್ಯ. ಅದು ಆಗದಿದ್ದರೆ ಕೆಲವು ಸಂದರ್ಭಗಳನ್ನಾದರೂ ಖಂಡಿತ ತಪ್ಪಿಸಿ: ಪಕ್ಕದಲ್ಲಿರುವವರು ಮದ್ಯ ಕುಡಿದಿದ್ದಾಗ, ಬೀಡಿ ಸಿಗರೇಟು ಸೇದುವವರಾಗಿದ್ದಾಗ, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡಿದ್ದಾಗ, ಮಗು ಅವಧಿಗೆ ಮುಂಚೆ ಹುಟ್ಟಿದ್ದಾಗ ಅಥವಾ ತೀರಾ ಕಡಿಮೆ ತೂಕದ್ದಾಗಿದ್ದಾಗ. ಸೋಫಾದ ಮೇಲೆ ಮಗುವನ್ನು ಎದೆಗಪ್ಪಿಕೊಂಡು ನಿದ್ದೆಹೋಗುವುದು ಎಲ್ಲಕ್ಕಿಂತ ಹೆಚ್ಚು ಅಪಾಯ.

ಹಾಗಾದರೆ ನಿಜಕ್ಕೂ ಏನು ಮಾಡಬಹುದು?

ಹಗಲನ್ನು ಹಗಲಾಗಿಸಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ದಿನವಿಡೀ ಕತ್ತಲಲ್ಲಿಡುವ ಪದ್ಧತಿ ಇನ್ನೂ ಅನೇಕ ಕಡೆ ಇದೆ. ಮಗುವಿನ ಒಳಗಡಿಯಾರ ಕಲಿಯುವುದೇ ಬೆಳಕಿನಿಂದ. ಬ್ರಿಟನ್‌ನಲ್ಲಿ 2004ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ರಾತ್ರಿ ಚೆನ್ನಾಗಿ ಮಲಗುತ್ತಿದ್ದ ಮಕ್ಕಳು ಮಧ್ಯಾಹ್ನದ ಹೊತ್ತಿನಲ್ಲಿ ಹೆಚ್ಚು ಬೆಳಕು ಕಂಡವರಾಗಿದ್ದರು. ಗಾಳಿ ಬಡಿಯುತ್ತದೆಂಬ ಹೆದರಿಕೆ ಇದ್ದರೆ ಗಾಜಿನ ಕಿಟಕಿ ಮುಚ್ಚಿಯೇ ಪರದೆ ಸರಿಸಿ. ಹಗಲು ಮಗು ಮಲಗಿದಾಗ ಮನೆಯೆಲ್ಲ ಪಿಸುಗುಡಬೇಕಿಲ್ಲ, ಮಿಕ್ಸಿ, ಮಾತು, ಕುಕ್ಕರ್ ಎಲ್ಲ ಮಾಮೂಲಾಗಿ ನಡೆಯಲಿ.

ರಾತ್ರಿಯನ್ನು ರಾತ್ರಿಯಾಗಿಸಿ. ಹಾಲು ಕೊಡುವಾಗ, ಬಟ್ಟೆ ಬದಲಿಸುವಾಗ ಸಣ್ಣ ದೀಪ ಸಾಕು. ಮಾತು, ಆಟ ಬೇಡ. ಟಿವಿ, ಫೋನಿನ ಬೆಳಕು ಮುಖಕ್ಕೆ ಬೀಳದಿರಲಿ. ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತನ್ನದೇ ಗಡಿಯಾರ ತಯಾರಾಗುವವರೆಗೆ ಮಗುವಿಗೆ ತಾಯಿಯ ಗಡಿಯಾರದ ಸುಳಿವು ಹಾಲಿನ ಮೂಲಕವೂ ಸಿಗುತ್ತದೆ.

ಕ್ರಮ ಒಂದೇ ಇರಲಿ. ಎಣ್ಣೆ ಸವರಿ ನೀರು ಹಾಕುವುದು, ಹಾಲು, ಜೋಗುಳ, ಮಲಗುವುದು. ದಿನವೂ ಇದೇ ಸಾಲಿನಲ್ಲಿ ನಡೆದರೆ ಮಗು ಮುಂದೇನು ಎಂದು ಕಲಿಯುತ್ತದೆ. ಏಳು ತಿಂಗಳು ದಾಟಿದ ಮಕ್ಕಳಿದ್ದ 405 ತಾಯಂದಿರ ಮೇಲೆ 2009ರಲ್ಲಿ ನಡೆದ ಅಧ್ಯಯನದಲ್ಲಿ ಇಂಥ ಕ್ರಮ ಪಾಲಿಸಿದವರ ಮಕ್ಕಳು ಬೇಗ ನಿದ್ದೆಹೋದರು, ಕಡಿಮೆ ಎದ್ದರು. ಚಿಕ್ಕ ಕೂಸಿಗೆ ಇಷ್ಟು ಬೇಗ ಫಲ ಕಾಣದಿರಬಹುದು, ಆದರೆ ಅಭ್ಯಾಸ ಶುರು ಮಾಡಲು ಅಡ್ಡಿಯಿಲ್ಲ. ಎಣ್ಣೆಯನ್ನು ಮೈಗೆ ಮಾತ್ರ ಸವರಿ. ಮೂಗು, ಕಿವಿಗೆ ಬಿಡಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿಯ ಹೊಗೆಯೂ ಬೇಡ, ಸೊಳ್ಳೆ ಪರದೆ ಸಾಕು.

ಜೋಗುಳ ಹಾಡಿ. ರಾಗ ಸರಿಯಿಲ್ಲ ಎಂಬ ಸಂಕೋಚ ಬೇಡ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ 144 ಮಕ್ಕಳಿಗೆ ಅವರಿಗೆ ಪರಿಚಯವೇ ಇಲ್ಲದ ಭಾಷೆಗಳ ಹಾಡುಗಳನ್ನು ಕೇಳಿಸಿದರು. ಜೋಗುಳ ಕೇಳುವಾಗ ಮಕ್ಕಳ ಎದೆಬಡಿತ ನಿಧಾನವಾಗುತ್ತಿತ್ತು. ಭಾಷೆಯೇ ತಿಳಿಯದ ಜೋಗುಳಕ್ಕೆ ಹೀಗಾದರೆ ಅಮ್ಮನ, ಅಜ್ಜಿಯ ದನಿಗೆ ಏನು ಕಡಿಮೆ! ಫೋನಿನಲ್ಲಿ ಮಳೆಯ ಸದ್ದೋ ‘ಶ್’ ಸದ್ದೋ ಹಾಕುವವರು ದನಿ ತಗ್ಗಿಸಿ, ಫೋನನ್ನು ದೂರ ಇಡಿ. ಕಿವಿಯ ಪಕ್ಕ ಜೋರಾಗಿ ಇಡುವುದು ಕೇಳುವ ಶಕ್ತಿಗೆ ಹಾನಿ.

ಎತ್ತಿ ನಡೆಯಿರಿ, ಆಮೇಲೆ ಕೂರಿ. ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ 21 ಮಕ್ಕಳನ್ನು ಗಮನಿಸಿ ಒಂದು ಸರಳ ದಾರಿ ಹೇಳಿದರು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆಯಿರಿ. ನಿದ್ದೆ ಹತ್ತಿದ ಕೂಡಲೇ ಕೆಳಗೆ ಮಲಗಿಸಬೇಡಿ, ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು ನಂತರ ಮಲಗಿಸಿ. ಅಧ್ಯಯನ ಚಿಕ್ಕದು, ಆದರೆ ಮಾಡಿ ನೋಡಲು ಖರ್ಚೂ ಇಲ್ಲ, ಅಪಾಯವೂ ಇಲ್ಲ. ‘ಎತ್ತಿ ಎತ್ತಿ ರೂಢಿಯಾಗುತ್ತದೆ’ ಎಂದು ಮೊದಲ ತಿಂಗಳುಗಳಲ್ಲಿ ಹೆದರಬೇಕಿಲ್ಲ. ಮಕ್ಕಳ ಅಳು ಆರನೇ ವಾರದ ಸುಮಾರಿಗೆ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ.

ಬಟ್ಟೆ ಸುತ್ತುವುದಾದರೆ ತೆಳುವಾದ ಹತ್ತಿ ಬಟ್ಟೆಯಿರಲಿ, ಕಾಲು ಮಡಚಿ ಆಡಿಸುವಷ್ಟು ಸಡಿಲವಿರಲಿ, ಅಂಗಾತವೇ ಮಲಗಿಸಿ. ಮಗು ಮಗುಚುವ ಪ್ರಯತ್ನ ಶುರು ಮಾಡಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ತಾಯಿಯ ನಿದ್ದೆಯ ಮಾತು ಯಾರು ಆಡುತ್ತಾರೆ?

ಮಗುವನ್ನು ಮಲಗಿಸುವ ನೂರು ಫಾರ್ವರ್ಡ್ ಬರುತ್ತವೆ. ತಾಯಿಯನ್ನು ಮಲಗಿಸುವ ಫಾರ್ವರ್ಡ್ ಒಂದೂ ಬರುವುದಿಲ್ಲ. ಮಗು ಏಳುವುದನ್ನು ನಾವು ಪೂರ್ತಿ ನಿಲ್ಲಿಸಲಾರೆವು. ಆದರೆ ಪ್ರತಿ ಸಲವೂ ಒಬ್ಬರೇ ಏಳಬೇಕೆಂದೇನಿಲ್ಲ. ತಾಯಿ ಹಾಲು ಕೊಟ್ಟ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು, ಎತ್ತಿ ಓಡಾಡುವುದು ತಂದೆಗೆ ಆಗದ ಕೆಲಸಗಳಲ್ಲ. ರಾತ್ರಿಯ ಮೊದಲ ಭಾಗ ಒಬ್ಬರು, ಬೆಳಗಿನ ಜಾವ ಇನ್ನೊಬ್ಬರು ಎಂದು ಹಂಚಿಕೊಂಡರೂ ತಾಯಿಗೆ ಸತತ ನಾಲ್ಕು ಗಂಟೆ ಸಿಕ್ಕೀತು. ಹಗಲು ನೋಡಲು ಬರುವ ನೆಂಟರು ಮಗುವನ್ನು ಎತ್ತಿಕೊಂಡು ‘ನೀನು ಮಲಗಮ್ಮ’ ಎಂದರೆ ಅದೇ ದೊಡ್ಡ ಉಡುಗೊರೆ.

ಇದು ಸಣ್ಣ ವಿಷಯವಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಪ್ರಕಾರ ಶೇ 22ರಷ್ಟು ತಾಯಂದಿರು ಹೆರಿಗೆಯ ನಂತರ ಖಿನ್ನತೆಗೆ ಒಳಗಾಗುತ್ತಾರೆ. ಮಗು ಮಲಗಿದರೂ ತನಗೆ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಮಗುವಿನ ಬಗ್ಗೆ ಏನೂ ಅನ್ನಿಸದಿರುವುದು, ಬದುಕೇ ಬೇಡ ಅನ್ನಿಸುವುದು ಇದರ ಲಕ್ಷಣಗಳು. ಇಲ್ಲದ್ದು ಕೇಳಿಸುವುದು, ವಿಪರೀತ ಅನುಮಾನ, ಗೊಂದಲ ಕಂಡರೆ ಅದು ತುರ್ತು ಪರಿಸ್ಥಿತಿ. ಹಳ್ಳಿಯ ಕಡೆ ‘ಬಾಣಂತಿ ಸನ್ನಿ’ ಎನ್ನುವ ಈ ಕಾಯಿಲೆಗೆ ಚಿಕಿತ್ಸೆ ಇದೆ, ಮುಚ್ಚಿಡಬೇಕಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಯಾವಾಗ ತಡ ಮಾಡದೆ ವೈದ್ಯರ ಬಳಿ ಹೋಗಬೇಕು?

• ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಇದ್ದರೆ, ಇಲ್ಲವೇ ಮೈ ತಣ್ಣಗಾಗಿದ್ದರೆ.
• ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಷ್ಟು ಜೋಂಪು ಇದ್ದರೆ. ಎಂದೂ ಇಲ್ಲದೆ ಮಗು ‘ಚೆನ್ನಾಗಿ ಮಲಗುತ್ತಿದೆ’ ಎಂದು ಖುಷಿಪಡುವ ಮುನ್ನ ಇದನ್ನು ನೋಡಿ.
• ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಗೆ ಸೆಳೆದುಕೊಳ್ಳುತ್ತಿದ್ದರೆ.
• ಫಿಟ್ಸ್ ಬಂದರೆ, ನೆತ್ತಿ ಉಬ್ಬಿದ್ದರೆ, ಅಂಗೈ ಅಂಗಾಲು ಹಳದಿಯಾಗಿದ್ದರೆ.
• ಸಂತೈಸಲಾಗದ ಅಳು ಗಂಟೆಗಟ್ಟಲೆ ನಡೆದರೆ. ದೃಷ್ಟಿ ತೆಗೆಯುವುದು ನಿಮ್ಮ ಇಷ್ಟ, ಆದರೆ ಅದಕ್ಕಾಗಿ ಆಸ್ಪತ್ರೆಗೆ ಹೋಗುವುದು ತಡವಾಗದಿರಲಿ.

ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೊದಲ 42 ದಿನಗಳಲ್ಲಿ ಆರು ಬಾರಿ ಭೇಟಿ ಕೊಡಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಮಗುವಿನ ತೂಕ, ಹಾಲು, ನಿದ್ದೆಯ ಬಗ್ಗೆ ಅವರನ್ನು ಕೇಳಿ. ಅವರು ನಿಮ್ಮ ಮಗುವನ್ನು ಕಣ್ಣಾರೆ ನೋಡಿರುತ್ತಾರೆ. ವಾಟ್ಸ್ಆ್ಯಪ್ ನೋಡಿರುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮಗುವಿನ ನಿದ್ದೆಯ ಬಗ್ಗೆ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಮಗುವಿನ ಬಾಯಿಗೆ ಏನನ್ನಾದರೂ ಹಾಕಲು ಹೇಳಿದ್ದಾರೆಯೇ? ಅಂಗಾತವಲ್ಲದೆ ಬೇರೆ ರೀತಿ ಮಲಗಿಸಲು ಹೇಳಿದ್ದಾರೆಯೇ? ‘ಒಂದೇ ರಾತ್ರಿಯಲ್ಲಿ ಫಲ’ ಎಂದಿದ್ದಾರೆಯೇ? ಮೂರರಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಅದನ್ನು ಮುಂದೆ ಕಳಿಸಬೇಡಿ. ಗ್ರೂಪಿನಲ್ಲಿ ಯಾವುದೋ ಮನೆಯಲ್ಲಿ ಈಗಷ್ಟೇ ಹೆರಿಗೆಯಾಗಿರುತ್ತದೆ, ಅಲ್ಲಿ ನಿದ್ದೆಗೆಟ್ಟು ಸೋತ ಒಬ್ಬರು ಅದನ್ನು ಇವತ್ತು ರಾತ್ರಿಯೇ ಮಾಡಿ ನೋಡಬಹುದು.

ಆ ಮನೆಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ, ‘ಇದು ಸಹಜ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ನಾಳೆ ಮಧ್ಯಾಹ್ನ ನಾನು ಬಂದು ಎರಡು ಗಂಟೆ ಮಗುವನ್ನು ನೋಡಿಕೊಳ್ಳುತ್ತೇನೆ, ನೀನು ಮಲಗು’ ಎಂದು ಬರೆಯಿರಿ.